ಇಪ್ಪತ್ತೇಳು ಲಕ್ಷ ತೂತು

ನಮ್ಮ ದೊಡ್ಡಪ್ಪ ಮೂವತ್ತೆಂಟು ವರ್ಷ ಒಂದೇ ಚಿತ್ರಮಂದಿರದಲ್ಲಿ ಕೆಲಸ ಮಾಡಿದರು. ಅದರಲ್ಲಿ ಮೊದಲ ಹದಿನೇಳು ವರ್ಷ ಒಂದು ಸಿನಿಮಾವನ್ನೂ ಮುಂದಿನಿಂದ ನೋಡಲಿಲ್ಲ. ಟಿಕೆಟ್ ಹರಿಯುವವರು, ಸೀಟು ತೋರಿಸುವವರು, ಕಸ ಗುಡಿಸುವವರು ಕೂಡ ಬಾಗಿಲ ಸಂದಿಯಲ್ಲಿ ನಿಂತಾದರೂ ಜನರ ಕಡೆಯಿಂದ ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ಪರದೆಯ ಹಿಂದೆ ಮರದ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿಕೊಂಡು ಕೂರುತ್ತಿದ್ದರು. ಹಿಂದಿನಿಂದ ನೋಡಿದರೆ ಚಿತ್ರ ಮಸುಕಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಹಾಗಾಗಿ ಅವರ ಪ್ರಕಾರ ಸಿನಿಮಾದವರೆಲ್ಲ ಎಡಚರು. ಊಟ ಎಡಗೈಯಲ್ಲಿ, ಏಟು ಎಡಗೈಯಲ್ಲಿ, ಆಶೀರ್ವಾದವೂ ಎಡಗೈಯಲ್ಲಿ.

“ದೊಡ್ಡ ಕಲಾವಿದರು ಹಾಗೇ ಕಣಪ್ಪ. ನಮ್ಮ ನಿಮ್ಮ ಹಾಗಲ್ಲ” ಎಂದು ನಾನು ಚಿಕ್ಕವನಿದ್ದಾಗ ನನಗೂ ಹೇಳಿದ್ದರು.

ಪರದೆಯ ಮೇಲೆ ಬರುವ ಹೆಸರುಗಳನ್ನು ಅವರು ತಿರುಗಾಮುರುಗಾ ಆಗಿಯೇ ಗಡಗಡನೆ ಓದಬಲ್ಲವರಾಗಿದ್ದರು. ಅಕ್ಷರ ತಿರುಗುಮುರುಗು ಎಂದು ತಿಳಿದವರಿಗೆ ಮನುಷ್ಯರೂ ತಿರುಗುಮುರುಗು ಎಂದು ಯಾಕೆ ಹೊಳೆಯಲಿಲ್ಲ ಎಂದು ಕೇಳಿದರೆ, “ಅಕ್ಷರ ಬೇರೆ, ಮನುಷ್ಯ ಬೇರೆ” ಎಂದು ಮಾತು ಮುಗಿಸುತ್ತಿದ್ದರು.

ಕಾಲೇಜಿಗೆಂದು ಹಳ್ಳಿಯಿಂದ ಬಂದು ನಾನು ಅವರ ಮನೆಯಲ್ಲಿ ಮೂರು ವರ್ಷ ಇದ್ದೆ. ಮುಂದೆ ಹೇಳುವುದನ್ನು ದೊಡ್ಡಪ್ಪ ಒಂದು ಥರ, ದೊಡ್ಡಮ್ಮ ಇನ್ನೊಂದು ಥರ, ಚಿತ್ರಮಂದಿರದಲ್ಲಿ ಯಂತ್ರ ಓಡಿಸುತ್ತಿದ್ದ ಆಪರೇಟರ್ ಮೂರನೆಯ ಥರ ಹೇಳುತ್ತಿದ್ದರು. ಮೂರೂ ತಾಳೆಯಾಗದ ಕಡೆ ನಾನು ದೊಡ್ಡಮ್ಮನ ಮಾತನ್ನೇ ಹಿಡಿದಿದ್ದೇನೆ. ಆ ಮನೆಯಲ್ಲಿ ಊಟ ಬಡಿಸುತ್ತಿದ್ದವರು ಅವರು.

ದೊಡ್ಡಪ್ಪ ಮೂಲತಃ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರು ಪ್ಯಾಂಟು ಕತ್ತರಿಸಿ ಹೊಲಿಯುತ್ತಿದ್ದರು. ದೊಡ್ಡಮ್ಮ ಅಂಗಿಗಳಿಗೆ ಕಾಜಾ ಹಾಕುತ್ತಿದ್ದರು. ಅಂದರೆ ಗುಂಡಿ ತೂರುವ ತೂತನ್ನು ಕತ್ತರಿಸಿ, ಅದರ ಅಂಚಿಗೆ ದಾರ ಸುತ್ತುವ ಕೆಲಸ. ನೆರೆಯ ಮೂವರು ಹೆಂಗಸರು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು ಅದೇ ಕೆಲಸ ಮಾಡುತ್ತಿದ್ದರು. ಅವರ ಸೂಜಿಗಿಂತ ಬಾಯಿ ಚುರುಕು.

ಒಂದು ದಿನ ಚಿತ್ರಮಂದಿರದ ಮಾಲೀಕರು ಅಂಗಡಿಗೆ ಬಂದು, ಮೂವತ್ತು ಅಡಿ ಅಗಲ, ಹದಿನಾರು ಅಡಿ ಎತ್ತರದ ಬಿಳಿ ಬಟ್ಟೆ ಹೊಲಿದುಕೊಡಬೇಕು ಎಂದರು.

ದೊಡ್ಡಪ್ಪ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು, “ಇಷ್ಟು ದೊಡ್ಡ ಆಳು ಯಾರು ಸಾರ್? ಒಂದ್ಸಲ ಕರ್ಕೊಂಡು ಬನ್ನಿ, ಅಳತೆ ತಗೋತೀನಿ” ಎಂದರಂತೆ.

ಅದು ಆ ಚಿತ್ರಮಂದಿರದ ಮೊದಲ ಪರದೆ. ಅಷ್ಟಗಲದ ಬಟ್ಟೆ ಎಲ್ಲೂ ಸಿಗುವುದಿಲ್ಲವಾದ್ದರಿಂದ ಪಟ್ಟಿಪಟ್ಟಿಯಾಗಿ ಜೋಡಿಸಿ ಹೊಲಿದರು. ಒಂದು ಹೊಲಿಗೆ ಸರಿಯಾಗಿ ನಡುವೆ ಅಡ್ಡಲಾಗಿ ಬಂತು. ಮುಖ ಹತ್ತಿರದಲ್ಲಿ ತೋರಿಸಿದಾಗ ಅದು ನಾಯಕನ ಮೂಗನ್ನು ಸೀಳುತ್ತಿತ್ತು, ನಾಯಕಿ ಸ್ವಲ್ಪ ದೂರ ನಿಂತರೆ ಅವಳ ಕೊರಳಿಗೆ ಸರವಾಗುತ್ತಿತ್ತು. ಬಡವನ ಮಗಳ ಪಾತ್ರಕ್ಕೂ ಸರ ಬಂದಾಗ ಜನ ಗೊಣಗಿದರು. ಫ್ಯಾನಿನ ಗಾಳಿಗೆ ಹೊಲಿಗೆ ಬಿಟ್ಟೀತು ಎಂಬ ಹೆದರಿಕೆಯಿಂದ ದೊಡ್ಡಪ್ಪ ಸೂಜಿ ದಾರ ಹಿಡಿದು ಪರದೆಯ ಹಿಂದೆ ಕೂರತೊಡಗಿದರು. ಹೊಲಿಗೆ ಬಿಡುವುದು ಮೊದಲು ಹಿಂದೆಯೇ ಕಾಣುತ್ತದೆ. ಹೊಲಿಗೆ ಬಿಡಲಿಲ್ಲ. ಆದರೆ ಆ ಜಾಗ ಅವರನ್ನು ಬಿಡಲಿಲ್ಲ.

ಬರೀ ಬಟ್ಟೆಯ ಮೇಲೆ ಬಿದ್ದ ಬೆಳಕು ಅರ್ಧ ಆಚೆಗೇ ಸೋರಿಹೋಗುತ್ತದೆ. ಅದಕ್ಕೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದರು. ಚಿತ್ರ ಬೆಳಗಿತು. ಅಂಟಿನ ರುಚಿ ಹತ್ತಿ ಜಿರಲೆಗಳು ಬಂದವು. ಪ್ರೇಮದ ದೃಶ್ಯದಲ್ಲಿ ನಾಯಕಿಯ ಕೆನ್ನೆಯ ಮೇಲೆ ಜಿರಲೆ ಹರಿದಾಡಿ, ಇಡೀ ಹೆಂಗಸರ ಸಾಲು ಕಾಲು ಮೇಲೆತ್ತಿಕೊಂಡಿತಂತೆ. ಆಮೇಲೆ ಬೆಳ್ಳಿ ಬಣ್ಣದ ಕಾಲ. ಅಲ್ಯೂಮಿನಿಯಂ ಪುಡಿ ಕಲಸಿ ಬಳಿದರೆ ಪರದೆ ತಟ್ಟೆಯ ಹಾಗೆ ಥಳಥಳ. ಆದರೆ ಅದು ಬೆಳಕನ್ನು ನೇರ ಎದುರಿಗೆ ಕೂತವರಿಗೆ ಮಾತ್ರ ಹಂಚುತ್ತಿತ್ತು. ಒಂದೇ ಟಿಕೆಟ್ಟಿಗೆ ನಡುವಿನವರಿಗೆ ಹುಣ್ಣಿಮೆ, ಬದಿಯವರಿಗೆ ಅಮಾವಾಸ್ಯೆ. ಬದಿಯವರು ನಡುವಿನವರ ತೊಡೆಯ ಮೇಲೆ ಕೂರಲು ಹೊರಟಾಗ ಮಾಲೀಕರು ಮತ್ತೆ ಬಿಳಿ ಬಣ್ಣಕ್ಕೆ ಬಂದರು. ದೊಡ್ಡಪ್ಪನ ಹುಬ್ಬು ಮಾತ್ರ ಎರಡು ತಿಂಗಳು ಬೆಳ್ಳಿಯಾಗಿಯೇ ಇತ್ತು.

ಇಷ್ಟರಲ್ಲಿ ಅವರಿಗೆ ಅಲ್ಲೇ ಖಾಯಂ ಕೆಲಸವಾಗಿತ್ತು. ಪರದೆ ತೊಳೆಯುವುದು, ಬಳಿಯುವುದು, ಬಿಗಿಯುವುದು. ಪ್ಯಾಂಟು ಹೊಲಿಯುವುದು ನಿಂತೇಹೋಯಿತು. ಮೂವತ್ತು ಅಡಿ ಕತ್ತರಿಸಿ ಅಭ್ಯಾಸವಾದ ಕೈಗೆ ಮೂವತ್ತು ಅಂಗುಲದ ಸೊಂಟ ಹಿಡಿಯಲು ಬರುತ್ತಿರಲಿಲ್ಲ. ಕೊನೆಯದಾಗಿ ಹೊಲಿದ ಪ್ಯಾಂಟಿನಲ್ಲಿ ಗಿರಾಕಿಯ ಜೊತೆ ಅವನ ತಮ್ಮನೂ ಹಿಡಿಸುತ್ತಿದ್ದ ಎಂದು ದೊಡ್ಡಮ್ಮ ಹೇಳುತ್ತಾರೆ. ಬಟ್ಟೆಯ ಕೆಲಸದಲ್ಲಿ ದೊಡ್ಡಪ್ಪ ಕಲಿತದ್ದು ಒಂದೇ ಮಾತು: “ಪರದೆ ಅಂದ್ರೆ ಬಿಳಿ. ಕಲೆ ಇರಬಾರದು, ತೂತು ಇರಬಾರದು.”

ಈ ಮಾತೇ ಅವರ ಕುತ್ತಿಗೆಗೆ ಬಂತು.

ಅಲ್ಲಿಯವರೆಗೆ ಆ ಚಿತ್ರಮಂದಿರದಲ್ಲಿ ಧ್ವನಿಯ ಪೆಟ್ಟಿಗೆಗಳು ಪರದೆಯ ಆಚೀಚೆ ಗೋಡೆಯ ಮೇಲಿದ್ದವು. ನಾಯಕಿ ನಡುವೆ ನಿಂತು ಬಾಯಿ ಆಡಿಸಿದರೆ, ಮಾತು ಹೊರಗೆ ಹೋಗುವ ಬಾಗಿಲಿನ ಹತ್ತಿರ ಕೇಳುತ್ತಿತ್ತು. ಮಾಲೀಕರು ದೊಡ್ಡ ಮನಸ್ಸು ಮಾಡಿ ನಲವತ್ತು ಅಡಿ ಅಗಲದ ಹೊಸ ಪ್ಲಾಸ್ಟಿಕ್ ಪರದೆ ತರಿಸಿದರು. ಒಂದು ವಾರ ಆಟ ನಿಲ್ಲಿಸಿದರು. ಕಂಪನಿಯವರು ಬಂದು, ಪರದೆಯನ್ನು ಚೌಕಟ್ಟಿಗೆ ಹಗ್ಗದಿಂದ ಬಿಗಿದು, ಅದರ ಹಿಂದೆ ಮೂರು ದೊಡ್ಡ ಧ್ವನಿಪೆಟ್ಟಿಗೆ ನಿಲ್ಲಿಸಿ ಹೋದರು. ಇದನ್ನೆಲ್ಲ ನೋಡಲು ದೊಡ್ಡಪ್ಪ ಅಲ್ಲಿರಲಿಲ್ಲ. ತಾನಿರುವಾಗ ಹೊರಗಿನವರು ಪರದೆ ಕಟ್ಟುವುದೇ ಎಂದು ಮುನಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಮಾಲೀಕರು ಅವತ್ತೇ ನೆಂಟರ ಮದುವೆಗೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಮುನಿಸು ಇಳಿದ ದೊಡ್ಡಪ್ಪ ಹೊಸ ಪರದೆಯನ್ನು ಮುಟ್ಟಿ ನೋಡಿದರು. ಅಂಗೈಗೆ ಏನೋ ತರಿತರಿ. ಕಣ್ಣು ಹತ್ತಿರ ಒಯ್ದರೆ ತೂತು! ಸಾಸಿವೆ ಕಾಳಿಗಿಂತ ಸಣ್ಣ ತೂತು, ಒಂದಲ್ಲ ಎರಡಲ್ಲ, ಮೇಲಿನಿಂದ ಕೆಳಗಿನವರೆಗೆ ತೂತು. ಹುಳ ಹೊಡೆದ ಮಾಲನ್ನು ಮಾಲೀಕರ ತಲೆಗೆ ಕಟ್ಟಿ ಹೋಗಿದ್ದಾರೆ! ತಾನು ಅಲ್ಲಿ ನಿಂತಿದ್ದರೆ ಹೀಗಾಗುತ್ತಿತ್ತೇ? ತಪ್ಪು ತನ್ನದೇ. ಮಾಲೀಕರು ಬರುವುದರೊಳಗೆ ಸರಿಮಾಡಬೇಕು.

ಬುಧವಾರ ಒಂದು ಕೋಟು, ಗುರುವಾರ ಇನ್ನೊಂದು ಕೋಟು. ಅಂಟು ಹೆಚ್ಚು ಹಾಕಿದ ಅವರ ಸ್ವಂತ ಮಿಶ್ರಣ. ಏಣಿ ಹತ್ತಿ ಇಳಿದು, ಕುಂಚವನ್ನು ಒತ್ತಿ ಒತ್ತಿ, ಒಂದು ತೂತೂ ಉಳಿಯದ ಹಾಗೆ ಬಳಿದರು. ಆಪರೇಟರ್ ಆ ಎರಡು ದಿನ ಮೇಲಿನ ಕೋಣೆಯಲ್ಲಿ ಯಂತ್ರ ಬಿಚ್ಚಿ ಎಣ್ಣೆ ಹಾಕುತ್ತಿದ್ದವರು ಕೆಳಗೆ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೊದಲ ಆಟ. ಚಿತ್ರಮಂದಿರ ತುಂಬಿತ್ತು. ದೊಡ್ಡಪ್ಪ ತಮ್ಮ ಪೆಟ್ಟಿಗೆಯನ್ನು ಪರದೆಯ ಹಿಂದೆ ಎರಡು ಧ್ವನಿಪೆಟ್ಟಿಗೆಗಳ ನಡುವೆ ಹಾಕಿಕೊಂಡು ಕೂತರು. ಆಟ ಶುರುವಾಯಿತು. ಚಿತ್ರ ಒಂದು ಚೂರೂ ಕಾಣಲಿಲ್ಲ. ಅವರಿಗೆ ಬೇಸರವಾಗಲಿಲ್ಲ, ‘ಎಂಥಾ ಗಟ್ಟಿ ಬಳಿತ!’ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಧ್ವನಿಯಂತೂ ಕಿವಿ ಗುಂಯ್‌ಗುಡುವ ಹಾಗೆ ಬರುತ್ತಿತ್ತು. ಹತ್ತು ನಿಮಿಷಕ್ಕೆ ಆಚೆಯಿಂದ ಜನರ ಕೂಗು, ಸಿಳ್ಳೆ, ಕುರ್ಚಿ ಬಡಿಯುವ ಸದ್ದು. ದೊಡ್ಡಪ್ಪನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಪರದೆಗೆ ಇಂಥ ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ತಲೆ ಬಾಚಿಕೊಂಡು, ಹೊಗಳಿಸಿಕೊಳ್ಳಲು ಹೊರಗೆ ಬಂದರು.

ಮೊದಲು ಎದುರಾದವರು ಆಪರೇಟರ್.

“ಏನ್ ಮಾಡಿದ್ಯೋ ಪುಣ್ಯಾತ್ಮ?”

“ಎರಡು ಕೋಟು” ಎಂದರು ದೊಡ್ಡಪ್ಪ, ನಾಚಿಕೊಂಡು.

ಅಷ್ಟರಲ್ಲಿ ಮಾಲೀಕರು ಬಂದರು. ಮದುವೆಯ ಹೊಸ ಅಂಗಿ ಇನ್ನೂ ಮೈಮೇಲಿತ್ತು. “ಏನಯ್ಯಾ ಟೇಲರ್, ನಾಯಕಿ ಹಾಸಿಗೆ ಸುರುಳಿಯೊಳಗೆ ಕೂತ್ಕೊಂಡು ಮಾತಾಡ್ತಿದ್ದಾಳೆ! ಒಂದಕ್ಷರ ಕೇಳ್ತಿಲ್ಲ!”

“ಇಲ್ಲ ಸಾರ್, ಹಿಂದೆ ಚೆನ್ನಾಗಿ ಕೇಳ್ತಿದೆ.”

“ಹಾಗಾದ್ರೆ ಇನ್ಮೇಲೆ ಟಿಕೆಟ್ ಹಿಂದೆ ಮಾರ್ಲಾ?”

ಕಂಪನಿಗೆ ಫೋನು ಹೋಯಿತು. ಪರದೆಯ ಹಿಂದಿನ ಧ್ವನಿ ಆ ತೂತುಗಳ ಮೂಲಕವೇ ಮುಂದೆ ಬರಬೇಕು ಎಂದು ಅವರು ವಿವರಿಸಿದರು. ಎರಡು ಕೋಟು ಬಳಿದಿದ್ದಾರೆ ಎಂದಾಗ ಆ ಕಡೆಯವರು ‘ಎಷ್ಟು?’ ಎಂದು ಎರಡೆರಡು ಸಲ ಕೇಳಿದರಂತೆ. ಬಣ್ಣ ಕರಗಿಸುವ ಎಣ್ಣೆ ಹಾಕಬೇಡಿ, ಪರದೆಯೇ ಕರಗುತ್ತದೆ ಎಂದರು. ನೀರಲ್ಲಿ ಒರೆಸಿದರೆ ಹೋಗಬಹುದೇ ಎಂದು ಮಾಲೀಕರು ದೊಡ್ಡಪ್ಪನನ್ನು ಕೇಳಿದರು.

“ನನ್ನ ಮಿಶ್ರಣ ಸಾರ್, ಸಿಡಿಲು ಬಡಿದರೂ ಹೋಗಲ್ಲ” ಎಂದ ದೊಡ್ಡಪ್ಪ, ಹೆಮ್ಮೆಯಿಂದ ಶುರುಮಾಡಿದ ಮಾತನ್ನು ಸಣ್ಣ ದನಿಯಲ್ಲಿ ಮುಗಿಸಿದರು.

ಮಾಲೀಕರು ಮತ್ತೆ ಆಟ ನಿಲ್ಲಿಸಿದರು. “ಮುಂದಿನ ಶುಕ್ರವಾರ ಹೊಸ ಸಿನಿಮಾ ಬರುತ್ತೆ. ಅಷ್ಟರೊಳಗೆ ಮಾತು ಕೇಳಿದ್ರೆ ಸರಿ. ಇಲ್ಲಾಂದ್ರೆ ಕಂಪನಿಯವನೊಬ್ಬನನ್ನ ಇಟ್ಕೋತೀನಿ, ನೀನು ಹೋಗಿ ಪ್ಯಾಂಟು ಹೊಲಿ.”

ಪ್ಯಾಂಟು! ಜೈಲಿಗೆ ಹೋಗು ಎಂದಿದ್ದರೂ ದೊಡ್ಡಪ್ಪ ಅಷ್ಟು ಹೆದರುತ್ತಿರಲಿಲ್ಲ.

ಶನಿವಾರ ಒಬ್ಬರೇ ಒಂದು ಸೂಜಿ ಹಿಡಿದು ಒಂದೊಂದೇ ತೂತು ಬಿಡಿಸತೊಡಗಿದರು. ಸಂಜೆಯ ಹೊತ್ತಿಗೆ ಒಂದು ಕಿಟಕಿ ಬಾಗಿಲಿನಷ್ಟಾಯಿತು. ಮನೆಗೆ ಬಂದು ತುತ್ತು ಎತ್ತಲು ಹೋದರೆ ಬೆರಳು ಮಡಚಲಿಲ್ಲ.

“ಏನ್ರೀ ಅದು ಕೈಗೆ?” ಎಂದರು ದೊಡ್ಡಮ್ಮ.

“ಏನಿಲ್ಲ. ಸ್ವಲ್ಪ ಸೂಜಿ ಕೆಲಸ ಇತ್ತು.”

“ನಿಮಗೆ? ಸೂಜಿ ಕೆಲಸ?”

ಎರಡು ಪ್ರಶ್ನೆಗೆ ಎಲ್ಲ ಹೊರಬಂತು. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ದೊಡ್ಡಪ್ಪ ಈಗಲೂ ಹೇಳುತ್ತಾರೆ. ತಟ್ಟೆಯ ಮುಂದೆ ಕೂತು ನಿಧಾನಕ್ಕೆ ಹೇಳಿದರು: “ತೂತು ಮುಚ್ಚೋಕೆ ಮುಂಚೆ ಮನೇಲಿ ಕಾಜಾ ಹಾಕೋಳನ್ನ ಒಂದು ಮಾತು ಕೇಳಬಾರದಿತ್ತಾ? ಹದಿನೈದು ವರ್ಷದಿಂದ ಒಳ್ಳೇ ಬಟ್ಟೆಗೆ ತೂತು ಹಾಕಿ ಕೂಲಿ ತಗೊಳ್ತಿದ್ದೀನಿ. ಹುಳ ಹೊಡೆದ ತೂತು ಸಾಲಾಗಿ ಇರುತ್ತೇನ್ರೀ? ಹುಳಕ್ಕೆ ಅಳತೆಪಟ್ಟಿ ಯಾರು ಕೊಟ್ರು?”

ದೊಡ್ಡಪ್ಪನಿಗೆ ಇದು ಹೊಳೆದಿರಲಿಲ್ಲ.

“ಸಾಲಾಗಿ ಇದ್ರೆ ಯಾರೋ ಬೇಕೂಂತಲೇ ಹಾಕಿದ್ದು ಅಂತ ಅರ್ಥ. ನಾನು ಹಾಕೋ ತೂತಲ್ಲಿ ಗುಂಡಿ ಹೋಗುತ್ತೆ, ಅಲ್ಲಿ ಮಾತು ಹೋಗುತ್ತೆ. ಅಷ್ಟೇ. ಊಟ ಮಾಡಿ.”

ಭಾನುವಾರ ದೊಡ್ಡಮ್ಮ ಚಿತ್ರಮಂದಿರಕ್ಕೆ ಹೋದರು. ದೊಡ್ಡಪ್ಪ ತೂತು ಬಿಡಿಸಿದ್ದ ಕಡೆ ಅಂಗೈ ಇಟ್ಟು, ಅದರ ಸುತ್ತ ಗೆರೆ ಎಳೆದು, ಒಳಗಿನ ತೂತು ಎಣಿಸಿದರು. ಹೆಚ್ಚುಕಡಿಮೆ ನಾನೂರು. ಆಪರೇಟರ್ ಗೋಡೆಯ ಮೇಲೆ ಗುಣಾಕಾರ ಮಾಡಿ, “ಇಪ್ಪತ್ತೇಳು ಲಕ್ಷ ಅಕ್ಕಾ” ಎಂದರು. “ಟೇಲರ್ ಒಬ್ಬನೇ ಕೂತ್ರೆ, ಮುಗಿಯೋ ಹೊತ್ತಿಗೆ ಅವನ ಮೊಮ್ಮಗ ಇಲ್ಲಿ ಮ್ಯಾನೇಜರ್ ಆಗಿರ್ತಾನೆ.”

“ಎಲ್ಲಾ ಯಾಕೆ ಬಿಡಿಸಬೇಕು?” ಎಂದರು ದೊಡ್ಡಮ್ಮ. “ಅಂಗಿ ತುಂಬಾ ಕಾಜಾ ಹಾಕ್ತೀವಾ? ಗುಂಡಿ ಇರೋ ಕಡೆ ಮಾತ್ರ ಹಾಕೋದು. ಮಾತು ಎಲ್ಲಿಂದ ಬರುತ್ತೋ ಅಲ್ಲಿ ಬಿಡಿಸಿದ್ರೆ ಸಾಲದಾ?”

ಆಪರೇಟರ್ ಮೇಲೆ ಓಡಿ ಯಂತ್ರ ಹಾಕಿದರು. ದೊಡ್ಡಮ್ಮ ಏಣಿಯ ಮೇಲೆ ನಿಂತು, ಪರದೆಗೆ ಕಿವಿಯಿಟ್ಟು, ವೈದ್ಯರು ಎದೆ ಪರೀಕ್ಷೆ ಮಾಡುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ದೊಡ್ಡಪ್ಪ ಏಣಿ ತಳ್ಳುತ್ತಿದ್ದರು. ಸದ್ದು ಗುಡುಗುಡು ಎಂದ ಕಡೆಯಲ್ಲೆಲ್ಲ ದೊಡ್ಡಮ್ಮ ಟೇಲರ್‌ಗಳ ಬಣ್ಣದ ಸೀಮೆಸುಣ್ಣದಿಂದ ಗುರುತು ಹಾಕಿದರು. ಕೊನೆಗೆ ಮೂರು ದೊಡ್ಡ ಮೊಟ್ಟೆಯಾಕಾರಗಳು ನಿಂತವು. ಒಂದೊಂದು ಜೋಡಿಬಾಗಿಲಿನಷ್ಟು. ಇಪ್ಪತ್ತೇಳು ಲಕ್ಷ ಆರು ಲಕ್ಷಕ್ಕೆ ಇಳಿಯಿತು.

ಆರು ಲಕ್ಷವೂ ಸಣ್ಣದಲ್ಲ. ಸೋಮವಾರ ಕಾಜಾ ಹೆಂಗಸರು ಮೂವರೂ ಬಂದರು. ದೊಡ್ಡಮ್ಮ ಹಳೆಯ ರಬ್ಬರ್ ಚಪ್ಪಲಿಯನ್ನು ಪಟ್ಟಿಯಾಗಿ ಕತ್ತರಿಸಿ, ಪರದೆಯ ತೂತಿನ ಅಂತರಕ್ಕೇ ಎಂಟೆಂಟು ಸೂಜಿ ಸಾಲಾಗಿ ಚುಚ್ಚಿ, ಬಾಚಣಿಗೆಯಂಥ ಹತಾರ ಮಾಡಿಕೊಟ್ಟಿದ್ದರು. ಒಂದು ಸಲ ಒತ್ತಿದರೆ ಎಂಟು ತೂತು. ಪರದೆಗೆ ಚಪ್ಪಲಿ ಬೀಳುವುದು ಆ ಊರಿಗೆ ಹೊಸದೇನಲ್ಲ. ಚಪ್ಪಲಿಯಿಂದ ಪರದೆ ಉದ್ಧಾರವಾದದ್ದು ಮಾತ್ರ ಅದೇ ಮೊದಲು.

ನಾಲ್ಕು ದಿನ ಆ ಖಾಲಿ ಚಿತ್ರಮಂದಿರದಲ್ಲಿ ನಡೆದಷ್ಟು ಮಾತು ಯಾವ ಸಿನಿಮಾದಲ್ಲೂ ಇರಲಿಲ್ಲ ಎಂದು ಆಪರೇಟರ್ ಹೇಳುತ್ತಾರೆ.

“ಲೇ, ನಿಧಾನ ಒತ್ತೇ. ಅಲ್ಲಿ ನಾಯಕನ ಹೊಟ್ಟೆ ಬರುತ್ತೆ.”

“ಬರಲಿ ಬಿಡು. ಈಚೆಗೆ ಜಾಸ್ತಿನೇ ಬಂದಿದೆ.”

“ಇದು ಅಳೋ ತೂತಾ, ನಗೋ ತೂತಾ ಅಕ್ಕಾ?”

“ಎರಡೂ ಅಲ್ಲ, ಅತ್ತೆ ಪಾತ್ರದ್ದು. ಅದನ್ನ ಮುಚ್ಚೇ ಬಿಡೋಣ.”

ದೊಡ್ಡಪ್ಪ ಏಣಿ ಹಿಡಿದು ನಿಂತು, ಚಹಾ ತಂದುಕೊಟ್ಟು, ಸೂಜಿಯ ತುದಿಯ ಬಣ್ಣ ಒರೆಸಿಕೊಡುತ್ತಿದ್ದರು. ಹೆಂಗಸರು ಅವರನ್ನು ಒಂದು ಗಳಿಗೆಯೂ ಸುಮ್ಮನೆ ಬಿಡಲಿಲ್ಲ. “ಅಣ್ಣಾ, ನಮ್ಮನೇಲಿ ಒಂದು ಜರಡಿ ಇದೆ, ತೂತು ಬಿದ್ದಿದೆ. ಬಳಿದು ಕೊಡ್ತೀರಾ?” ಎಂದು ಒಬ್ಬಳು ಕೇಳಿದಳು. ಆ ಮಾತು ಇವತ್ತಿಗೂ ಆ ಬೀದಿಯಲ್ಲಿ ಸತ್ತಿಲ್ಲ.

ಗುರುವಾರ ಸಂಜೆ ಕೊನೆಯ ಸಾಲು ಮುಗಿಯಿತು. ಮಾಲೀಕರು ಬಂದರು. ಆಪರೇಟರ್ ಮೇಲೆ ಹೋದರು. ದೀಪ ಆರಿತು. ದೊಡ್ಡಪ್ಪ ಎಂದಿನ ಹಾಗೆ ಪರದೆಯ ಹಿಂದಕ್ಕೆ ಹೊರಟರು.

“ಎಲ್ಲಿಗೆ?” ದೊಡ್ಡಮ್ಮನ ದನಿ ಕತ್ತಲಲ್ಲಿ ಬಂತು. “ಅಲ್ಲಿ ಕೂತಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ಮುಂದೆ ಬನ್ನಿ.”

ಹದಿನೇಳು ವರ್ಷದಲ್ಲಿ ಮೊದಲ ಸಲ ದೊಡ್ಡಪ್ಪ ಚಿತ್ರಮಂದಿರದ ಕುರ್ಚಿಯ ಮೇಲೆ ಕೂತರು. ಕುರ್ಚಿ ಮಡಚಿಕೊಳ್ಳುತ್ತದೆ ಎಂದು ಗೊತ್ತಿಲ್ಲದೆ ಒಮ್ಮೆ ಕೆಳಗೂ ಕೂತರು. ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡರು. ಕೆಲಸ ಉಳಿಯುವುದು ಹೋಗುವುದು ಇನ್ನು ಒಂದು ನಿಮಿಷದ ಮಾತು.

ಬೆಳಕು ಬಿತ್ತು. ನಾಯಕ ಬಂದ. ಮಾತಾಡಿದ. ಮಾತು ಸರಿಯಾಗಿ ಅವನ ಬಾಯಿಂದಲೇ, ತೊಳೆದಿಟ್ಟ ಲೋಟದಷ್ಟು ಸ್ವಚ್ಛವಾಗಿ ಬಂತು. ಕಾಜಾ ಹೆಂಗಸರು ಚಪ್ಪಾಳೆ ಹೊಡೆದರು. ಮಾಲೀಕರ ಹುಬ್ಬು ಸಡಿಲವಾಯಿತು. ನಾಯಕ ಮುಂದೆ ಬಂದು ಖಳನ ಕೆನ್ನೆಗೆ ಫಟಾರನೆ ಬಿಗಿದ. ದೊಡ್ಡಪ್ಪ ಕುರ್ಚಿಯಿಂದ ಎದ್ದೇ ನಿಂತರು.

“ಹೇಗಿದೆಯಯ್ಯಾ ಸೌಂಡು?” ಎಂದರು ಮಾಲೀಕರು.

“ಸಾರ್,” ಎಂದರು ದೊಡ್ಡಪ್ಪ, ಪರದೆಯ ಕಡೆ ಕೈ ತೋರಿಸಿ, “ಇವನು ಬಲಗೈಯವನಾ?”

ಕೆಲಸ ಉಳಿಯಿತು. ಆದರೆ ಮಾಲೀಕರು ಒಂದು ಷರತ್ತು ಹಾಕಿದರು: ಇನ್ನು ಮುಂದೆ ಪ್ರತಿ ಹೊಸ ಸಿನಿಮಾದ ಮೊದಲ ಆಟವನ್ನು ಟೇಲರ್ ಮೂರನೇ ಸಾಲಿನ ನಡುವೆ ಕೂತೇ ನೋಡಬೇಕು. ಹಿಂದೆ ಕೂತದ್ದು ಕಂಡರೆ ಅವತ್ತೇ ಪ್ಯಾಂಟು. ಉಳಿದ ಇಪ್ಪತ್ತೊಂದು ವರ್ಷ ದೊಡ್ಡಪ್ಪ ಇದನ್ನು ಶಿಕ್ಷೆಯ ಹಾಗೆ ಅನುಭವಿಸಿದರು. ಎಲ್ಲರೂ ತಪ್ಪು ಕೈಯಲ್ಲಿ ಉಣ್ಣುತ್ತಾರೆ, ತಪ್ಪು ಕಡೆಯಿಂದ ಬಾಗಿಲು ತೆಗೆಯುತ್ತಾರೆ, ಕಥೆಯೇ ತಲೆಗೆ ಹತ್ತುವುದಿಲ್ಲ ಎಂದು ಗೊಣಗುತ್ತಿದ್ದರು. ಆ ಪರದೆ ಬದಲಾಗುವವರೆಗೆ, ಹಿಮದ ದೃಶ್ಯ ಬಂದಾಗಲೆಲ್ಲ ಅದರ ಮೇಲೆ ಮೂರು ಮಸುಕು ಮೊಟ್ಟೆಗಳು ಕಾಣುತ್ತಿದ್ದವು. ಜನ ಅವುಗಳಿಗೆ ಟೇಲರ್ ಮೊಟ್ಟೆ ಎಂದೇ ಹೆಸರಿಟ್ಟಿದ್ದರು.

ನಿವೃತ್ತಿಯಾದ ಮೇಲೆ ದೊಡ್ಡಪ್ಪ ಮನೆಗಳಿಗೆ ಪರದೆ ಕಟ್ಟಿಕೊಡುತ್ತಿದ್ದರು. ಮೊದಮೊದಲು ಮೂರು ಕಾಲಿನ ಮೇಲೆ ನಿಲ್ಲಿಸಿ ಸುರುಳಿ ಎಳೆಯುವಂಥದ್ದು, ಅದರ ಮೈಮೇಲೆ ಗಾಜಿನ ಸಣ್ಣ ಸಣ್ಣ ಮಣಿ. ಒಂದು ಮನೆಯಲ್ಲಿ ಧೂಳಿದೆಯೆಂದು ಒದ್ದೆ ಬಟ್ಟೆ ತೆಗೆದುಕೊಂಡವರು, ಕೈಯನ್ನು ಅರ್ಧಕ್ಕೆ ನಿಲ್ಲಿಸಿ, ಮನೆಗೆ ಫೋನು ಮಾಡಿ ದೊಡ್ಡಮ್ಮನನ್ನು ಕೇಳಿದರಂತೆ. “ಮಣಿ ಅಂದ್ರೆ ಯಾರೋ ಬೇಕೂಂತಲೇ ಅಂಟಿಸಿರ್ತಾರೆ, ಉಜ್ಜಬೇಡಿ” ಎಂದು ಉತ್ತರ ಬಂತು.

ಕಳೆದ ವರ್ಷ ಅವರ ಮಗಳ ಮನೆಯಲ್ಲಿ ಹೊಸ ಪ್ರೊಜೆಕ್ಟರ್ ತಂದರು. ನಾನೂ ಹೋಗಿದ್ದೆ. ಪರದೆಯನ್ನು ಬಿಚ್ಚಿದರೆ ಬೂದು ಬಣ್ಣ.

ದೊಡ್ಡಪ್ಪ ಅಳಿಯನ ಕಡೆ ತಿರುಗಿ, “ಅಳಿಯಂದಿರೇ, ಇದು ಒಗೆದು ಎಷ್ಟು ದಿನ ಆಯ್ತು?” ಎಂದರು.

“ಹೊಸದು ಮಾವ. ಬೂದೇ ಇರಬೇಕು. ಮನೇಲಿ ಬೆಳಕು ಇರುತ್ತಲ್ಲ, ಬಿಳಿ ಪರದೆ ಮೇಲೆ ಕಪ್ಪು ಬಣ್ಣ ತೆಳ್ಳಗೆ ಕಾಣುತ್ತೆ.”

ದೊಡ್ಡಪ್ಪನ ಕಣ್ಣು ಬಾಲ್ಕನಿಯಲ್ಲಿದ್ದ ಬಿಳಿ ಬಣ್ಣದ ಡಬ್ಬಿಯ ಕಡೆ ಹೋಯಿತು. ದೊಡ್ಡಮ್ಮನ ಕಣ್ಣು ದೊಡ್ಡಪ್ಪನ ಕಡೆ ಹೋಯಿತು.

“ನಾನು ಕೇಳಿದೆ ಅಷ್ಟೇ” ಎಂದರು ದೊಡ್ಡಪ್ಪ. ಭೂತಗನ್ನಡಿ ಹಿಡಿದು ತೂತು ಹುಡುಕಿದರು. ಇರಲಿಲ್ಲ. ಧ್ವನಿ ಕೆಳಗಿನ ಪೆಟ್ಟಿಗೆಯಿಂದ ಬರುತ್ತದೆ ಎಂದು ಖಾತ್ರಿಪಡಿಸಿಕೊಂಡು, ನಾಲ್ಕು ಮೂಲೆ ಬಿಗಿದುಕೊಟ್ಟು, ಸೋಫಾದ ತುದಿಯಲ್ಲಿ ಒಲ್ಲದ ಮನಸ್ಸಿನಿಂದ ಕೂತರು.

ಅಳಿಯ ಯಂತ್ರ ಹಾಕಿದ. ಚಿತ್ರ ಬಂತು. ಹೆಸರುಗಳೆಲ್ಲ ತಿರುಗುಮುರುಗು. ಮಗಳು “ಅಯ್ಯೋ, ಇದೇನ್ರೀ!” ಎಂದು ಕೂಗಿದಳು. ಪರದೆಯ ಹಿಂದಿನಿಂದ ಬೆಳಕು ಬಿಡುವವರಿಗಾಗಿ ಯಂತ್ರದಲ್ಲಿ ಇರುವ ಏರ್ಪಾಡು ಒಂದು ಹೇಗೋ ಒತ್ತಿಹೋಗಿತ್ತು. ಸರಿಮಾಡೋಣವೆಂದು ಅಳಿಯ ತೆರೆದ ಮೆನುವಿನ ಪಟ್ಟಿಯೂ ತಿರುಗುಮುರುಗಾಗಿಯೇ ಬಂತು. ಅವನು ಕತ್ತು ಓರೆ ಮಾಡಿದ, ಮೊಬೈಲಿನಲ್ಲಿ ಫೋಟೋ ತೆಗೆದು ತಿರುಗಿಸಿ ನೋಡಿದ, ಬೆವರಿದ.

ಪರದೆಯ ಮೇಲೆ ಅಷ್ಟರಲ್ಲಿ ನಾಯಕ ಬಂದು ಎಡಗೈಯಲ್ಲಿ ಒಬ್ಬನಿಗೆ ಬಿಗಿದ. ದೊಡ್ಡಪ್ಪ ಸೋಫಾದ ನಡುವಿಗೆ ಸರಿದು, ಕಾಲು ಮೇಲೆತ್ತಿ ಚಕ್ಕಂಬಕ್ಕಳ ಹಾಕಿದರು. ಎಷ್ಟೋ ವರ್ಷದಿಂದ ಆ ಮುಖದಲ್ಲಿ ಅಂಥ ನೆಮ್ಮದಿ ನಾನು ನೋಡಿರಲಿಲ್ಲ.

“ಊರಿಗೆಲ್ಲ ಒಂದು ದಾರಿ ಆದ್ರೆ ಇವರಿಗೇ ಒಂದು ದಾರಿ” ಎಂದರು ದೊಡ್ಡಮ್ಮ. “ರೀ, ನಿಮಗೆ ಓದೋಕೆ ಬರುತ್ತಲ್ಲ, ಯಾವುದನ್ನ ಒತ್ತಬೇಕು ಅಂತ ಆ ಹುಡುಗನಿಗೆ ಹೇಳಿ.”

“ಮೂರನೇ ಸಾಲು, ಎರಡನೇದು” ಎನ್ನಲು ಬಾಯಿ ತೆರೆದ ದೊಡ್ಡಪ್ಪ, ಪರದೆಯನ್ನೊಮ್ಮೆ ನೋಡಿ, ಮತ್ತೆ ಮುಚ್ಚಿದರು.

“ಇಂಟರ್ವಲ್ ಆಗ್ಲಿ,” ಎಂದರು, “ಹೇಳ್ತೀನಿ.”